ಉಪ್ಪು ಹೆಚ್ಚಾದ ಶಾಂಪೂ

ಗುರ್ರ್ ಎಂದು ಶುರುವಾಗಿ, ಒಂದಷ್ಟು ಹೊತ್ತು ಚಳಪಳ ಎಂದು, ಆಮೇಲೆ ನಿಧಾನಕ್ಕೆ ನೆಗಡಿಯಾದವರ ಗಂಟಲಿನ ಹಾಗೆ ದಪ್ಪಗಾಗುವ ಸದ್ದು. ಬೆಳಗಿನ ಹೊತ್ತು ಆ ಕಟ್ಟಡದ ನಡುವಿನ ಮಹಡಿಯಿಂದ ಅದು ಕೇಳಿಬಂದರೆ ಮೇಲಿನ ಮನೆಯವರು ಯಾರೂ ಗೊಣಗುವುದಿಲ್ಲ. ಗ್ರಾಂ ಮಾಮ ಕ್ರೀಮು ಕಡೆಯುತ್ತಿದ್ದಾರೆ, ಇನ್ನೇನು ನಿಲ್ಲುತ್ತದೆ ಎಂದು ಅವರಿಗೆ ಗೊತ್ತು.

ಅಡುಗೆಮನೆಯ ಕಟ್ಟೆಯ ಮೇಲೆ ಬಿಸಿನೀರಿನ ಬಾಣಲೆಯಲ್ಲಿ ಎರಡು ಗಾಜಿನ ಪಾತ್ರೆಗಳು ಕೂತಿರುತ್ತವೆ. ಒಂದರಲ್ಲಿ ನೀರು. ಇನ್ನೊಂದರಲ್ಲಿ ಎಣ್ಣೆ, ಎಣ್ಣೆಯೊಳಗೆ ಕರಗಿದ ಬಿಳಿ ಮೇಣ. ಆ ಮೇಣದ ಸ್ವಭಾವವೇ ವಿಚಿತ್ರ. ಅದರ ಒಂದು ತುದಿಗೆ ನೀರೆಂದರೆ ಇಷ್ಟ, ಇನ್ನೊಂದು ತುದಿಗೆ ಎಣ್ಣೆ. ಮುನಿಸಿಕೊಂಡ ಅಣ್ಣತಮ್ಮಂದಿರ ನಡುವೆ ನಿಂತು ಇಬ್ಬರ ಕೈಯನ್ನೂ ಬಿಡದೆ ಹಿಡಿದುಕೊಂಡ ಅತ್ತಿಗೆಯ ಹಾಗೆ ಅದು. ಎರಡು ಪಾತ್ರೆಗಳೂ ಒಂದೇ ಬಿಸಿಗೆ ಬಂದ ಮೇಲೆ ಮಾಮ ಒಂದನ್ನು ಇನ್ನೊಂದಕ್ಕೆ ಸುರಿದು ಬ್ಲೆಂಡರ್ ಇಳಿಸುತ್ತಾರೆ. ಎಣ್ಣೆ ನೀರು ಇನ್ನೂ ಮುಖ ತಿರುಗಿಸಿಕೊಂಡಿದ್ದಾಗ ಸದ್ದು ತೆಳ್ಳಗಿರುತ್ತದೆ. ರಾಜಿಯಾದ ಗಳಿಗೆಯಲ್ಲಿ ದನಿ ಇಳಿಯುತ್ತದೆ. ಅದನ್ನು ಕೇಳಿಸಿಕೊಳ್ಳಲು ಮಾಮ ತಲೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ಕಣ್ಣು ಮುಚ್ಚಿ ನಿಂತಿರುತ್ತಾರೆ.

ಅವರಿಗೆ ಗ್ರಾಂ ಮಾಮ ಎಂದು ಹೆಸರಿಟ್ಟಿದ್ದು ಬೀದಿಯ ಮಕ್ಕಳು. ಅವರು ಚಮಚದ ಲೆಕ್ಕವನ್ನು ನಂಬುವವರಲ್ಲ. ಎಲ್ಲವೂ ತಕ್ಕಡಿಯ ಮೇಲೆ ಬರಬೇಕು, ನೀರು ಕೂಡ. ಒಮ್ಮೆ ಅವರ ಅತ್ತೆ ಹಿಮ್ಮಡಿಗೆ ಹಚ್ಚಿಕೊಳ್ಳಲು ಒಂಚೂರು ಕ್ರೀಮು ಕೊಡಿ ಎಂದಾಗ, ಎಷ್ಟು ಗ್ರಾಂ ಎಂದು ಕೇಳಿ ಬೈಸಿಕೊಂಡಿದ್ದರು. ಆ ಅತ್ತೆ ಅವರ ಮನೆಯಲ್ಲೇ ಇರುತ್ತಾರೆ. ಕಣ್ಣು ಸ್ವಲ್ಪ ಮಂಜು, ಬಾಯಿ ಬಲು ಚುರುಕು. ಅಳಿಯ ಏನೇ ಹೊಸದು ಮಾಡಿದರೂ ಮೊದಲು ಮೊಣಕೈಯ ಒಳಬದಿಗೆ ಹಚ್ಚಿಸಿಕೊಂಡು ಒಂದು ದಿನ ಕಾಯುವವರು ಅವರೇ. ನಾನು ಸತ್ತರೆ ನಿಮ್ಮ ಕ್ರೀಮಿನಿಂದಲೇ ಎಂದು ಬರೆದಿಟ್ಟು ಸಾಯ್ತೀನಿ ಎಂದು ಪ್ರತಿ ಸಲ ಹೇಳುತ್ತಾರೆ, ಪ್ರತಿ ಸಲ ಕೈ ಮುಂದೆ ಚಾಚುತ್ತಾರೆ.

ಮಾಮ ಮೊದಲು ಬೇಕರಿಯಲ್ಲಿದ್ದರು. ಹದಿಹರೆಯದಲ್ಲಿ ಒಲೆಯ ಮುಂದೆ ನಿಂತವರು ತಲೆ ನರೆಯುವವರೆಗೂ ಅಲ್ಲೇ ನಿಂತರು. ಆಮೇಲೆ ಕೆಮ್ಮು ಬಂತು. ಮೊದಲು ನೆಗಡಿ ಎಂದುಕೊಂಡರು, ಆಮೇಲೆ ಹವೆ ಎಂದುಕೊಂಡರು. ಅದು ಹಿಟ್ಟಿನ ಧೂಳು. ಎದೆಯ ಚಿತ್ರ ತೆಗೆದು ನೋಡಿದ ಡಾಕ್ಟರು ಉಸಿರು ಬೇಕೋ ಬ್ರೆಡ್ಡು ಬೇಕೋ ಎಂದು ಕೇಳಿದರು. ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ಅವಳೇ ಉತ್ತರ ಕೊಟ್ಟಳು. ಮಾಮ ಬಿಳಿ ಏಪ್ರನ್ ಒಗೆದು ಮಡಚಿ ಮಾಲೀಕರ ಕೈಗೆ ಕೊಟ್ಟು ಬಂದರು. ಮನೆಗೆ ಬಂದ ಮೇಲೆ ಬೆರಳುಗಳಿಗೆ ಕೆಲಸವಿರಲಿಲ್ಲ. ಅವು ಮೇಜಿನ ಮೇಲೆ ಸುಮ್ಮನೆ ಏನನ್ನೋ ನಾದುತ್ತಿದ್ದವು.

ಹೆಂಡತಿಯನ್ನು ಬೀದಿಯವರು ಕರೆಯುವುದು ಪಾರ್ಲರಮ್ಮ ಎಂದು. ತಿರುವಿನಲ್ಲಿ, ಔಷಧಿ ಅಂಗಡಿಯ ಪಕ್ಕದಲ್ಲಿ, ಎರಡು ಕುರ್ಚಿ ಒಂದು ತೊಟ್ಟಿಯ ಪಾರ್ಲರ್ ಅವಳದು. ಗಾಜಿನ ಬಾಗಿಲು ತೆರೆದರೆ ಬಿಸಿಗಾಳಿಯ ಯಂತ್ರದ ವಾಸನೆ, ಒದ್ದೆ ಕೂದಲಿನ ವಾಸನೆ, ಮೂಲೆಯಲ್ಲಿ ಗುಡಿಸಿಟ್ಟ ಕಪ್ಪು ಬಿಳುಪು ಕೂದಲಿನ ಪುಟ್ಟ ಗುಡ್ಡೆ. ಬೇರೆ ಪಾರ್ಲರುಗಳಿಗೂ ಅವಳದಕ್ಕೂ ಇರುವ ವ್ಯತ್ಯಾಸ ಅವಳ ಬೆರಳುಗಳು. ತಲೆ ತೊಳೆಸಿಕೊಳ್ಳಲೆಂದೇ ಬರುವವರು ಇದ್ದರು. ತೊಟ್ಟಿಗೆ ಕುತ್ತಿಗೆ ಒರಗಿಸಿದ ಸ್ವಲ್ಪ ಹೊತ್ತಿಗೆ ಗೊರಕೆ ಹೊಡೆಯುವವರೂ ಇದ್ದರು. ತಲೆಯಲ್ಲಿ ಎಲ್ಲಿ ಬಿಗಿ ಇದೆ, ಎಲ್ಲಿ ಹುಣ್ಣಿದೆ, ಯಾರು ನಿದ್ದೆಗೆಟ್ಟಿದ್ದಾರೆ ಎಂದು ಅವಳ ಬೆರಳುಗಳೇ ಹೇಳುತ್ತಿದ್ದವು.

ಆ ಬೆರಳುಗಳು ಬಿರಿಯತೊಡಗಿದ್ದು ಹೋದ ವರ್ಷ. ಮೊದಲು ಗೆಣ್ಣುಗಳ ಮೇಲೆ ಕೂದಲೆಳೆಯಂಥ ಗೆರೆಗಳು. ಆಮೇಲೆ ಬೆರಳ ಸಂದಿಯಲ್ಲಿ ಕೆಂಪು. ಆಮೇಲೆ ರಕ್ತ. ಗುಂಡಿ ಹಾಕಿಕೊಳ್ಳಲು ಅಮ್ಮನನ್ನು ಕರೆಯುವಂತಾಯಿತು, ದೀಪದ ಸ್ವಿಚ್ಚನ್ನು ಮೊಣಕೈಯಲ್ಲಿ ಒತ್ತುವಂತಾಯಿತು. ಚರ್ಮದ ಡಾಕ್ಟರು ಮುಲಾಮು ಕೊಟ್ಟರು, ಗವಸು ಹಾಕಿಕೊಳ್ಳಿ ಎಂದರು. ದಿನವಿಡೀ ನೀರು, ದಿನವಿಡೀ ಶಾಂಪೂ, ಯಾವ ಕೈ ತಡೆಯುತ್ತದೆ ಎಂದರು. ಹೀಗೇ ಆದರೆ ಕೆಲಸ ಬದಲಾಯಿಸುವುದು ವಾಸಿ ಎಂದೂ ಹೇಳಿದರು. ಅವಳು ಗವಸು ಹಾಕಿದಳು. ರಬ್ಬರಿಗೆ ಕೂದಲು ಸಿಕ್ಕಿ ಗಿರಾಕಿಗಳು ಅಯ್ಯೋ ಎಂದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಡೆದ ಹಾಗಾಗುತ್ತದೆ ಎಂದು ಎರಡನೇ ವಾರಕ್ಕೆ ಕಿತ್ತೆಸೆದಳು.

ಮಾಮ ಕ್ರೀಮು ಮಾಡಲು ಕಲಿತದ್ದು ಆಗ. ಲೈಬ್ರರಿಯಿಂದ ಪುಸ್ತಕ ತಂದರು, ಫೋನಿನಲ್ಲಿ ಪಾಠಗಳನ್ನು ನೋಡಿದರು. ಬೇಕರಿಯಲ್ಲಿ ಹಿಟ್ಟಿಗೆ ಇಷ್ಟು ಪಾಲು ನೀರು, ಇಷ್ಟು ಪಾಲು ಬೆಣ್ಣೆ ಎಂದು ಲೆಕ್ಕ ಹಾಕಿದ ತಲೆಗೆ ಇದು ಹೊಸ ಭಾಷೆ ಎನಿಸಲಿಲ್ಲ. ಮೊದಲ ಕ್ರೀಮು ಸಂಜೆಯೊಳಗೆ ಎಣ್ಣೆ ಮೇಲೆ ನೀರು ಕೆಳಗೆ ಒಡೆದುಹೋಯಿತು. ಎರಡನೆಯದು ನೋಡಲು ಬೆಣ್ಣೆಯ ಹಾಗಿತ್ತು. ಮನೆಯಲ್ಲಿ ಮಾಡಿದ್ದಕ್ಕೆ ಕೆಡದಂತೆ ತಡೆಯುವ ಔಷಧಿ ಯಾಕೆ ಎಂದು ಅತ್ತೆ ಹಟ ಹಿಡಿದಿದ್ದರಿಂದ ಅದನ್ನು ಹಾಕಿರಲಿಲ್ಲ. ಕೆಲವೇ ದಿನಕ್ಕೆ ಹಳೇ ಬ್ರೆಡ್ಡಿನ ಮೇಲೆ ಬರುವಂಥದೇ ನೀಲಿ ಬೂಷ್ಟು ಬಂತು. ಮಾಮ ಆ ಡಬ್ಬಿಯನ್ನು ಅತ್ತೆಯ ಕನ್ನಡಕದ ಹತ್ತಿರ ಹಿಡಿದರು. ಅಂದಿನಿಂದ ಆ ವಿಷಯಕ್ಕೆ ಅತ್ತೆ ಬಾಯಿ ಹಾಕಲಿಲ್ಲ.

ಮೂರನೇ ಕ್ರೀಮು ನಿಂತಿತು. ರಾತ್ರಿ ಹಚ್ಚಿಕೊಂಡು ಮಲಗಿದರೆ ಬೆಳಗ್ಗೆ ಕೈ ಮೆತ್ತಗಿರುತ್ತಿತ್ತು. ಸಂಜೆ ಮತ್ತೆ ಬಿರಿಯುತ್ತಿತ್ತು. ರಾತ್ರಿಯ ಗಳಿಕೆಯನ್ನು ಹಗಲು ಖರ್ಚು ಮಾಡುತ್ತಿದೆ, ತಪ್ಪು ಹಗಲಿನಲ್ಲಿದೆ ಎಂದು ಮಾಮನಿಗೆ ಹೊಳೆಯಿತು. ಪಾರ್ಲರಿಗೆ ದೊಡ್ಡ ಕ್ಯಾನುಗಳಲ್ಲಿ ಬರುತ್ತಿದ್ದ ಶಾಂಪೂ ಅಷ್ಟು ಕಟುವಾಗಿತ್ತು. ಅದು ಕೊಳೆ ತೆಗೆಯುವ ರಭಸದಲ್ಲಿ ಅವಳ ಚರ್ಮದ ಜಿಡ್ಡನ್ನೂ ಕಿತ್ತುಕೊಂಡು ಹೋಗುತ್ತಿತ್ತು. ತಲೆಗಳು ಬಂದು ಹೋಗುತ್ತವೆ. ಕೈ ಮಾತ್ರ ಬೆಳಗಿನಿಂದ ಸಂಜೆವರೆಗೆ ಅಲ್ಲೇ ಇರುತ್ತದೆ.

ಹಾಗಾಗಿ ಶಾಂಪೂವನ್ನೇ ಮಾಡಲು ಹೊರಟರು. ತೆಂಗಿನೆಣ್ಣೆ ಮತ್ತು ಸಕ್ಕರೆಯಿಂದ ತಯಾರಾದ ಒಂದು ಮೃದುವಾದ ನೊರೆದ್ರವ ಸಿಗುತ್ತದೆ. ಅದನ್ನೂ ಅದರಷ್ಟೇ ಸೌಮ್ಯವಾದ ಇನ್ನೊಂದನ್ನೂ ತೂಗಿ, ಬೆಚ್ಚಗಿನ ನೀರಿನಲ್ಲಿ ಬೆರೆಸಿ, ನಿಂಬೆಹುಳಿಯ ಪುಡಿಯಿಂದ ಚರ್ಮಕ್ಕೆ ಒಗ್ಗುವಷ್ಟು ಹುಳಿಗೆ ತಂದರು. ಬಣ್ಣ ಬದಲಾಗುವ ಕಾಗದದ ಪಟ್ಟಿ ಅದ್ದಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಪರಿಮಳವಿಲ್ಲ, ಬಣ್ಣವಿಲ್ಲ. ಪಾರ್ಲರಮ್ಮ ಅದರಲ್ಲಿ ತಲೆ ತೊಳೆಯತೊಡಗಿದ ಮೇಲೆ ಮೊದಲ ಸಲ ಕಿರುಬೆರಳಿನ ಬಿರುಕು ಮುಚ್ಚಿಕೊಂಡಿತು. ಗಂಡನ ಮುಂದೆ ಬೆರಳು ಮಡಚಿ, ಬಿಡಿಸಿ, ಮಡಚಿ ತೋರಿಸಿದಳು.

ಆದರೆ ಅದು ನೀರಿನ ಹಾಗೆ ಹರಿಯುತ್ತಿತ್ತು. ಅಂಗೈಗೆ ಸುರಿದರೆ ಬೆರಳ ಸಂದಿಯಿಂದ ಸೋರಿ ತೊಟ್ಟಿ ಸೇರುತ್ತಿತ್ತು. ಗಿರಾಕಿಗಳಲ್ಲಿ ಹೆಡ್ ಮಿಸ್ ಎಂದೇ ಎಲ್ಲರೂ ಕರೆಯುವ ನಿವೃತ್ತ ಮುಖ್ಯೋಪಾಧ್ಯಾಯಿನಿ ಒಬ್ಬರಿದ್ದರು. ಅವರು ಮೆಲ್ಲಗೆ ಮಾತಾಡಿದರೂ ಇಡೀ ತರಗತಿಗೆ ಕೇಳಿಸುತ್ತದೆ. ಒಂದು ಶನಿವಾರ, ಎರಡೂ ಕುರ್ಚಿ ತುಂಬಿದ್ದಾಗ, ಕುತ್ತಿಗೆ ತೊಟ್ಟಿಯಲ್ಲಿರುವಂತೆಯೇ ಅವರು ಕೇಳಿದರು.

"ಏನಮ್ಮಾ, ಶಾಂಪೂಗೆ ನೀರು ಬೆರೆಸೋಕೆ ಶುರು ಮಾಡಿದ್ಯಾ?"

ಮುಂದಿನ ವಾರ ಇಬ್ಬರು ಬರಲಿಲ್ಲ. ಅದರ ಮುಂದಿನ ವಾರ ಒಬ್ಬಳು ತನ್ನದೇ ಶಾಂಪೂ ಚೀಲದಲ್ಲಿ ತಂದಳು. ಪಾರ್ಲರಮ್ಮ ಅದರಲ್ಲೇ ತೊಳೆದಳು. ಸಂಜೆ ಕಿರುಬೆರಳು ಮತ್ತೆ ಬಿರಿದಿತ್ತು.

ಅವಳ ತಂಗಿ ಊರಿನ ಈಜುಕೊಳದ ಮ್ಯಾನೇಜರು. ಅಲ್ಲಿ ಟಿಕೆಟ್ ಕೌಂಟರಿನಲ್ಲಿದ್ದವರು ಬಿಟ್ಟು ಹೋಗುತ್ತಿದ್ದರು. ಅಕ್ಕ ಬಂದು ಕೂರಲಿ, ಕೈಗೆ ನೀರು ತಾಕುವುದೇ ಇಲ್ಲ, ಫ್ಯಾನಿದೆ, ರಜೆಯಿದೆ ಎಂದು ತಂಗಿ ಫೋನಿನಲ್ಲಿ ಒತ್ತಾಯ ಮಾಡುತ್ತಿದ್ದಳು. ತಿಂಗಳ ಕೊನೆಯೊಳಗೆ ಹೇಳಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಪಾರ್ಲರಮ್ಮ ಆಗಲಿ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಗಂಡನಿಗೆ ಮಾತ್ರ ಇದೊಂದು ಸಲ ಗಟ್ಟಿ ಮಾಡಿಕೊಡಿ ಎಂದಳು.

ಶಾಂಪೂ ಗಟ್ಟಿಯಾಗಲು ಏನು ಹಾಕುತ್ತಾರೆ ಎಂದು ಹೇಳಿದರೆ ಯಾರೂ ನಂಬುವುದಿಲ್ಲ. ಉಪ್ಪು. ಅಡುಗೆಯ ಉಪ್ಪೇ. ಮಾಮ ಪದಾರ್ಥಗಳ ಪಾಲನ್ನು ಸ್ವಲ್ಪ ಬದಲಿಸಿ, ಸಣ್ಣ ಲೋಟಗಳಲ್ಲಿ ಪರೀಕ್ಷೆ ಮಾಡಿ ನೋಡಿದರು. ಉಪ್ಪು ಹಾಕುತ್ತ ಹೋದಂತೆ ದ್ರವ ಗುಡ್ಡ ಹತ್ತುವ ಹಾಗೆ ಗಟ್ಟಿಯಾಗುತ್ತ ಹೋಗುತ್ತದೆ. ಒಂದು ನೆತ್ತಿ ಬರುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ದಾಟಿದರೆ ಆ ಕಡೆಯ ಇಳಿಜಾರು, ಮತ್ತೆ ನೀರು. ಹಾಕಿದ ಉಪ್ಪನ್ನು ವಾಪಸು ತೆಗೆಯಲು ಆಗುವುದಿಲ್ಲ.

ಬಕೆಟ್ ತುಂಬ ಮಾಡಿದರು. ಉಪ್ಪನ್ನು ತೂಗಿ, ನೀರಿನಲ್ಲಿ ಕರಗಿಸಿ, ನೊರೆ ಏಳದಂತೆ ಮೆಲ್ಲಗೆ ಕಲಕಿದರು. ಇನ್ನೂ ಬೆಚ್ಚಗಿದ್ದಿದ್ದರಿಂದ ತೆಳ್ಳಗೇ ಇತ್ತು. ಆರಿದ ಮೇಲೆ ಗಟ್ಟಿಯಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮುಚ್ಚಳ ಮುಚ್ಚಿ, ಮೂಲೆಗೆ ಸರಿಸಿ, ಬಾಟಲಿ ತರಲು ಹೋದರು.

ಸಂಜೆ ವಾಪಸು ಬಂದು ಸೌಟು ಎತ್ತಿ ನೋಡಿದರೆ ನಲ್ಲಿಯಿಂದ ಬಿಟ್ಟ ಹಾಗೆ ಸುರಿಯುತ್ತಿದೆ. ಮಾಮ ಮೊದಲು ತಕ್ಕಡಿಯನ್ನು ಅನುಮಾನಿಸಿದರು. ಅದರ ಬ್ಯಾಟರಿ ಬದಲಿಸಿದರು. ಉಪ್ಪಿನ ಡಬ್ಬಿ ಮೂಸಿದರು. ಹುಳಿಯ ಪಟ್ಟಿ ಮತ್ತೆ ಅದ್ದಿದರು. ತಕ್ಕಡಿಯ ಮುಂದೆ ಮಂಡಿಯೂರಿ ಕೂತು, ಕಳ್ಳನನ್ನು ವಿಚಾರಿಸುವ ಪೊಲೀಸಿನವರ ಹಾಗೆ ಅದನ್ನು ನೋಡುತ್ತಿದ್ದರು. ಅಷ್ಟರಲ್ಲಿ ಪಾರ್ಲರ್ ಮುಚ್ಚಿಕೊಂಡು ಹೆಂಡತಿ ಬಂದಳು. ಒಳಗಿನ ಕೋಣೆಯಿಂದ ಅತ್ತೆಯೂ ಬಂದರು.

"ಅದನ್ನ ಯಾಕೆ ಹಾಗೆ ದುರುಗುಟ್ಟಿ ನೋಡ್ತೀರಿ ಅಳಿಯಂದ್ರೆ? ನಾನು ಹಾಕಿದ್ದು ಒಂದೇ ಒಂದು ಹಿಡಿ."

"ಏನು ಹಾಕಿದ್ರಿ?"

"ಉಪ್ಪು. ತೆಳ್ಳಗಿತ್ತಲ್ಲ. ನಿಮಗ್ಯಾಕೆ ತೊಂದರೆ ಕೊಡೋದು ಅಂತ."

ಪಾರ್ಲರಮ್ಮ ಬಾಗಿಲಲ್ಲೇ ನಿಂತಳು. "ನೀನೂ ಹಾಕಿದ್ಯೇನಮ್ಮಾ?"

'ನೀನೂ' ಎಂಬುದರ ಆ 'ಊ' ಒಂದೇ ಸಾಕಾಗಿತ್ತು. ಮಧ್ಯಾಹ್ನ ಊಟಕ್ಕೆ ಬಂದವಳು ಮುಚ್ಚಳ ತೆಗೆದು, ಗಂಡ ಮರೆತಿರಬೇಕು ಎಂದುಕೊಂಡು ತಾನೂ ಒಂದು ಹಿಡಿ ಹಾಕಿ ಹೋಗಿದ್ದಳು. ಒಂದೇ ಒಲೆಯ ಮೇಲಿನ ಪಾತ್ರೆಗೆ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಉಪ್ಪು ಹಾಕುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ. ಆ ಮನೆಯಲ್ಲಿ ಅದು ಶಾಂಪೂಗೆ ನಡೆಯಿತು. ಅವಳು ಮೊದಲು ನಕ್ಕಳು. ಅತ್ತೆಯೂ ನಕ್ಕರು. ಮಾಮ ನಗು ತಡೆಯಲಾರದೆ ಕೆಮ್ಮಿದರು. ಆಮೇಲೆ ಅವಳ ನಗು ನಿಂತುಹೋಯಿತು. ನಗುವಾಗ ಕೈಮುಷ್ಟಿ ಬಿಗಿದಿತ್ತೇನೋ, ಬಿರುಕಿನಿಂದ ರಕ್ತ ಜಿನುಗಿತ್ತು.

ಅವಳು ಕುರ್ಚಿ ಎಳೆದುಕೊಂಡು ಕೂತಳು. "ತಂಗಿಗೆ ಬರ್ತೀನಿ ಅಂತ ಹೇಳಿಬಿಡ್ತೀನಿ. ನಿಮಗೆ ಹಿಟ್ಟು ಹಿಡಿಸ್ಲಿಲ್ಲ, ನನಗೆ ನೀರು ಹಿಡಿಸ್ಲಿಲ್ಲ. ಒಳ್ಳೆ ಜೋಡಿ. ನೀವು ಬೇಕರಿ ಬಿಟ್ರಿ, ಏನಾಯ್ತು? ಚೆನ್ನಾಗೇ ಇದೀರಲ್ಲ."

ಮಾಮ ಬಕೆಟ್ಟಿನ ಮುಚ್ಚಳವನ್ನು ಸರಿಯಾಗಿ ಕೂರಿಸುತ್ತಿದ್ದರು. ಕೂತಿದ್ದ ಮುಚ್ಚಳವನ್ನು ತೆಗೆದು ಮತ್ತೆ ಕೂರಿಸಿದರು.

"ಒಂದು ವರ್ಷ ಆ ಬೀದೀಲಿ ನಡೀಲಿಲ್ಲ ಕಣೇ," ಎಂದರು. "ಬೆಳಗ್ಗೆ ಬ್ರೆಡ್ಡಿನ ವಾಸನೆ ಬರುತ್ತೆ ಅಂತ, ಹಾಲಿಗೆ ಸುತ್ತುಬಳಸಿ ಹೋಗ್ತಿದ್ದೆ."

ಅವಳಿಗೆ ಅದು ಗೊತ್ತಿರಲಿಲ್ಲ. ಹಾಲು ತರಲು ಅಷ್ಟು ಹೊತ್ತು ಯಾಕೆ ಎಂದು ಆ ವರ್ಷವೆಲ್ಲ ಅವಳು ರೇಗಿದ್ದಳು. ಅತ್ತೆ ಎದ್ದು ಒಳಗಿನಿಂದ ಹತ್ತಿ ತಂದು ಮಗಳ ಬೆರಳಿಗೆ ಒತ್ತಿ ಹಿಡಿದರು. ತಂಗಿಗೆ ಫೋನು ಮಾಡುವುದು ಅಂದು ತಪ್ಪಿಹೋಯಿತು.

ಮಾರನೇ ಬೆಳಗ್ಗೆ, ನೆಲ ಒರೆಸಲಿಕ್ಕಾದರೂ ಬರುತ್ತದೆ ಎಂದು ಮಾಮ ಆ ಬಕೆಟ್ಟನ್ನು ಬಚ್ಚಲಿಗೆ ಒಯ್ದು ಬೇರೊಂದಕ್ಕೆ ಎತ್ತರದಿಂದ ಬಗ್ಗಿಸಿದರು. ಬಿದ್ದ ಕಡೆ ನೊರೆ ಎದ್ದಿತು. ದೊಡ್ಡ ಗುಳ್ಳೆಗಳಲ್ಲ, ಸಣ್ಣದು, ಬೆಳ್ಳಗಿನದು. ಅವರು ಬಗ್ಗಿಸುವುದನ್ನು ನಿಲ್ಲಿಸಿದರು. ನೊರೆ ಇಳಿಯುತ್ತದೆ ಎಂದು ಕಾದರು. ಇಳಿಯಲಿಲ್ಲ.

ಮೊಟ್ಟೆಯ ಬಿಳಿ ಭಾಗವನ್ನು ಬಟ್ಟಲಿಗೆ ಹಾಕಿದಾಗ ಅದೂ ಹೀಗೇ ತೆಳ್ಳಗೆ, ಯಾವ ಕೆಲಸಕ್ಕೂ ಬಾರದ ಹಾಗೆ ಬಿದ್ದಿರುತ್ತದೆ. ಕಡೆದರೆ ಬಟ್ಟಲು ತಲೆಕೆಳಗು ಮಾಡಿದರೂ ಬೀಳದಂತೆ ನಿಲ್ಲುತ್ತದೆ. ಅದಕ್ಕೆ ಸೇರಿದ್ದು ಗಾಳಿ ಮಾತ್ರ. ಅಷ್ಟು ವರ್ಷ ಸಾವಿರಾರು ಕೇಕುಗಳನ್ನು ಗಾಳಿಯಿಂದಲೇ ಎತ್ತಿ ನಿಲ್ಲಿಸಿದವನು ನಾನು, ಒಂದು ಶಾಂಪೂವನ್ನು ಉಪ್ಪಿನಿಂದ ನಿಲ್ಲಿಸಲು ಹೊರಟಿದ್ದೆನಲ್ಲ ಎಂದು ಮಾಮ ಬಚ್ಚಲಲ್ಲಿ ನಿಂತು ತಮಗೆ ತಾವೇ ಬೈದುಕೊಂಡರು. ತಂತಿಯ ಕಡೆಗೋಲು ತಂದು ಕಡೆದರು. ನೊರೆ ಮೊನೆ ಕಟ್ಟಿ ನಿಂತಿತು.

ಬಾಟಲಿ ಅಂಗಡಿಯವನು ಅವರ ಹಳೇ ಪರಿಚಯ. ಒತ್ತಿದರೆ ನೊರೆಯಾಗಿಯೇ ಬರುವ ಬಾಟಲಿ ಇದೆಯೇ ಎಂದು ಕೇಳಿದಾಗ ಮೇಲಿನ ಅಟ್ಟದಿಂದ ಇಳಿಸಿ ತೋರಿಸಿದ. ಅದರ ಕುತ್ತಿಗೆಯೊಳಗೆ ಸಣ್ಣ ಜಾಲರಿಯಿತ್ತು. ದ್ರವವೂ ಗಾಳಿಯೂ ಒಟ್ಟಿಗೆ ಆ ಜಾಲರಿಯಲ್ಲಿ ಹಾದು ಬರುವಾಗ ನೊರೆಯಾಗುತ್ತದೆ. ಮೊದಲೇ ಹೇಳಿರ್ತೀನಿ, ಇದಕ್ಕೆ ಗಟ್ಟಿ ಶಾಂಪೂ ಹಾಕಿದ್ರೆ ಕಟ್ಟಿಕೊಳ್ಳುತ್ತೆ, ನೀರಿನ ಹಾಗೆ ತೆಳ್ಳಗಿರೋದೇ ಬೇಕು, ಆಮೇಲೆ ನನ್ನ ಹತ್ರ ಬಂದು ಜಗಳ ಆಡಬೇಡಿ ಎಂದು ಅಂಗಡಿಯವನು ಎಚ್ಚರಿಸಿದ. ಮಾಮ ಆಗಲಿ ಎಂದು ತಲೆಯಾಡಿಸಿದರು. ಅವರ ಮುಖ ನೋಡಿ, ಇದರಲ್ಲಿ ನಗುವಂಥದ್ದು ಏನಿದೆ ಎಂದು ಅಂಗಡಿಯವನಿಗೆ ಅರ್ಥವಾಗಲಿಲ್ಲ.

ಉಪ್ಪಿಲ್ಲದ ಹೊಸ ಬಕೆಟ್ಟು ತಯಾರಾಯಿತು. ಈ ಸಲ ಮುಚ್ಚಳದ ಮೇಲೆ ಎರಡು ಇಟ್ಟಿಗೆ ಇಟ್ಟರು. ಅತ್ತೆಗೆ ಅದರಿಂದ ಅವಮಾನವಾಯಿತು, ಆದರೂ ಪರೀಕ್ಷೆಗೆ ಮೊಣಕೈ ಕೊಟ್ಟರು.

ಶನಿವಾರ ಹೆಡ್ ಮಿಸ್ ಬಂದರು. ಕುತ್ತಿಗೆ ಒರಗಿಸುವ ಮೊದಲು ಬಾಟಲಿಯನ್ನು ಕನ್ನಡಕದ ಮೇಲಿನಿಂದ ನೋಡಿದರು. ಪಾರ್ಲರಮ್ಮ ಎರಡು ಸಲ ಒತ್ತಿದಳು. ಅಂಗೈ ತುಂಬ ಬಿಳಿ ನೊರೆ ಬಂತು, ಸೋರಲಿಲ್ಲ, ಜಾರಲಿಲ್ಲ. ನೊರೆ ಎಬ್ಬಿಸಲು ಉಜ್ಜಬೇಕಾದ ಶ್ರಮವೇ ಇರಲಿಲ್ಲ, ಬೆರಳುಗಳು ನೇರವಾಗಿ ತಲೆಯ ಮಾತು ಕೇಳಿಸಿಕೊಳ್ಳತೊಡಗಿದವು. ಹೆಡ್ ಮಿಸ್ ಏನಾದರೂ ಹೇಳುತ್ತಾರೆ ಎಂದು ಪಕ್ಕದ ಕುರ್ಚಿಯವಳು ಕಾದಳು. ತುಸು ಹೊತ್ತಿಗೆ ಗೊರಕೆ ಕೇಳಿಸಿತು. ಎದ್ದ ಮೇಲೆ ಅವರು ಕನ್ನಡಿಯಲ್ಲಿ ತಮ್ಮ ಬಿಳಿ ಕೂದಲನ್ನು ಒಂದು ಬದಿ, ಇನ್ನೊಂದು ಬದಿ ನೋಡಿಕೊಂಡು, ಇದನ್ನು ಮೊದಲೇ ತರಿಸಲು ಏನು ರೋಗ ಬಂದಿತ್ತು ಎಂದು ಕೇಳಿ ಹೋದರು.

ಒಂದೇ ಸಲಕ್ಕೆ ಎಲ್ಲ ಸರಿಹೋಗಲಿಲ್ಲ. ಡಾಕ್ಟರ ಮುಲಾಮು ನಡೆದೇ ಇತ್ತು. ಪ್ರತಿ ತಲೆಯ ನಂತರ ಕೈ ಒರೆಸಿ ಕ್ರೀಮು ಹಚ್ಚಿಕೊಳ್ಳಬೇಕೆಂದು ಮಾಮ ತೊಟ್ಟಿಯ ಪಕ್ಕದಲ್ಲೇ ಡಬ್ಬಿ ಇಟ್ಟಿದ್ದರು, ಅವಳು ಮರೆಯುತ್ತಿದ್ದಳು, ಅವರು ಬಂದು ಡಬ್ಬಿಯನ್ನು ತೂಗಿ ನೋಡಿ ಕಂಡುಹಿಡಿಯುತ್ತಿದ್ದರು. ಆದರೂ ಒಂದೊಂದೇ ಬಿರುಕು ಮುಚ್ಚುತ್ತ ಬಂತು. ಒಂದು ಬೆಳಗ್ಗೆ ಅವಳು ಗುಂಡಿಗಳನ್ನು ತಾನೇ ಹಾಕಿಕೊಂಡಳು. ಅಮ್ಮ ಕೈ ಚಾಚಿಕೊಂಡು ಬಂದವರು ಬರಿಗೈಲಿ ನಿಂತರು.

ತಿಂಗಳ ಕೊನೆಯ ದಿನ ತಂಗಿ ಪಾರ್ಲರಿಗೇ ಬಂದಳು. ಮಾಮ ಆಗ ಬಾಗಿಲ ಬಳಿಯ ಬೆಂಚಿನ ಮೇಲೆ ಕೂತಿದ್ದರು. ಪಾರ್ಲರಮ್ಮ ತೊಟ್ಟಿಯ ಮುಂದೆ ನಿಂತು ಯಾರದೋ ತಲೆ ತೊಳೆಯುತ್ತಿದ್ದಳು. ಬಲಗೈ ಹೆಬ್ಬೆರಳಿಗೆ ಮಾತ್ರ ಇನ್ನೂ ಪಟ್ಟಿ. ಉಳಿದ ಬೆರಳುಗಳು ಪಟ್ಟಿಯಿಲ್ಲದೆ ಕೂದಲೊಳಗೆ ಹೋಗಿ ಬರುತ್ತಿದ್ದವು. ಅವಳ ಕಣ್ಣು ಅರ್ಧ ಮುಚ್ಚಿತ್ತು. ಬ್ಲೆಂಡರಿನ ಸದ್ದಿಗೆ ಕಿವಿಗೊಟ್ಟಾಗ ತಮ್ಮ ಮುಖವೂ ಹೀಗೇ ಇರುತ್ತದೆಂದು ಮಾಮನಿಗೆ ಗೊತ್ತಿಲ್ಲ.

ಅಕ್ಕನಿಂದ ಹೂಂ ಊಹೂಂ ಬಿಟ್ಟು ಬೇರೇನೂ ಬಾರದಿದ್ದಾಗ ತಂಗಿ ಬೆಂಚಿನ ಕಡೆ ತಿರುಗಿದಳು.

"ಭಾವ, ನೀವಾದ್ರೂ ಬಿಡಿಸಿ ಹೇಳಿ. ಸಂಜೆಯೊಳಗೆ ನಾನು ಹೆಸರು ಕೊಡ್ಬೇಕು. ಅಕ್ಕನ ಹೆಸರು ಕೊಡ್ಲಾ, ಬೇಡ್ವಾ? ಆರಾಮದ ಕೆಲಸ. ಕೂತಲ್ಲೇ ಕೂತು ಟಿಕೆಟ್ ಹರಿದು ಕೊಟ್ರಾಯ್ತು."

ಮಾಮ ಬಾಯಿ ತೆರೆದರು. ಬರುತ್ತಾಳೆ ಎನ್ನಲು ಇಷ್ಟವಿಲ್ಲ, ಬರುವುದಿಲ್ಲ ಎನ್ನಲು ಅದು ತಮ್ಮ ಕೈಯಲ್ಲ. ಅಷ್ಟರಲ್ಲಿ ತೊಟ್ಟಿಯ ಕಡೆಯಿಂದ ಬಾಟಲಿಯನ್ನು ಒತ್ತಿದ ಒಣ ಸದ್ದು ಬಂತು. ಪಾರ್ಲರಮ್ಮ ಹಿಂತಿರುಗದೆಯೇ ಖಾಲಿ ಬಾಟಲಿಯನ್ನು ಭುಜದ ಮೇಲಿನಿಂದ ಹಿಂದಕ್ಕೆ ಚಾಚಿದಳು.

"ರೀ, ಇದು ಮುಗೀತು. ಈ ಸಲ ಮುಂದಿನ ತಿಂಗಳಿಗೂ ಆಗೋಷ್ಟು ಮಾಡಿಬಿಡಿ."

ಮಾಮ ಎದ್ದು ಬಾಟಲಿ ತೆಗೆದುಕೊಂಡರು. ಅವಳ ಬೆರಳು ತಾಕಿತು, ಒದ್ದೆಯಾಗಿ, ಮೆತ್ತಗೆ.

"ನಾನು ನಿಮ್ಮನ್ನೇ ಕೇಳ್ತಾ ಇದೀನಿ ಭಾವ," ಎಂದು ತಂಗಿ ಶುರುಮಾಡಿದಳು, "ಅಲ್ಲಿ ವಾರಕ್ಕೊಂದು ರಜೆ, ಮಧ್ಯಾಹ್ನ ಊಟಕ್ಕೆ ಬಿಡ್ತಾರೆ, ಮೇಲಾಗಿ ಅಲ್ಲಿ ಕೂತ್ರೆ..."

"ಹೂಂ, ಹೇಳ್ತಾ ಇರು," ಎಂದು ಮಾಮ ಗಾಜಿನ ಬಾಗಿಲು ತಳ್ಳಿದರು. ನೊರೆದ್ರವ ಎಷ್ಟು ಗ್ರಾಂ, ನೀರು ಎಷ್ಟು ಗ್ರಾಂ ಎಂದು ತುಟಿಯಲ್ಲೇ ಲೆಕ್ಕ ಹಾಕುತ್ತ, ಔಷಧಿ ಅಂಗಡಿಯನ್ನು ದಾಟಿ, ಬಿಸಿಲಿನಲ್ಲಿ ಮನೆಯ ಕಡೆ ನಡೆದರು.